‘ನಂಗೆ ಲಾಜಿಕ್ ಬರಲ್ಲ’ ಅನ್ನೋದು ನಿಜಾನಾ? ಲಾ ಪ್ರವೇಶ ಪರೀಕ್ಷೆಯ ತರ್ಕದ ಪ್ರಶ್ನೆಗಳ ಒಳಗುಟ್ಟು

“ಈ ಪ್ರಶ್ನೆಗೆ 99% ಜನ ತಪ್ಪು ಉತ್ತರ ಕೊಡುತ್ತಾರೆ. ನೀವು ಜೀನಿಯಸ್ ಆಗಿದ್ದರೆ 10 ಸೆಕೆಂಡಿನಲ್ಲಿ ಹೇಳಿ!” ಮೂರು ಸೇಬು, ಎರಡು ಬಾಳೆಹಣ್ಣು, ಕೊನೆಯ ಸಾಲಿನಲ್ಲಿ ಕದ್ದು ಕುಳಿತ ಒಂದು ಗುಣಾಕಾರದ ಚಿಹ್ನೆ. ಇಂಥ ಫಾರ್ವರ್ಡ್ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರುತ್ತದೆ. ಯಾರೋ ಒಬ್ಬರು ತಕ್ಷಣ ಉತ್ತರ ಹಾಕುತ್ತಾರೆ, ಉಳಿದವರು ‘ನಮಗೆ ಇದೆಲ್ಲ ತಲೆಗೆ ಹೋಗಲ್ಲಪ್ಪ’ ಅಂತ ಸುಮ್ಮನಾಗುತ್ತಾರೆ.

ಈ ಒಗಟುಗಳಿಂದ ಯಾರಿಗೂ ತೊಂದರೆ ಇಲ್ಲ. ತೊಂದರೆ ಇರುವುದು ಇವು ಬಿಟ್ಟುಹೋಗುವ ಎರಡು ನಂಬಿಕೆಗಳಲ್ಲಿ. ತರ್ಕಶಕ್ತಿ ಹುಟ್ಟಿನಿಂದಲೇ ಬರಬೇಕು ಎನ್ನುವುದು ಒಂದು. ದಿನಾ ಒಗಟು ಬಿಡಿಸಿದರೆ, ಬ್ರೈನ್ ಗೇಮ್ ಆ್ಯಪ್ ಆಡಿದರೆ ಅದು ಚುರುಕಾಗುತ್ತದೆ ಎನ್ನುವುದು ಇನ್ನೊಂದು. ಒಂದಕ್ಕೊಂದು ವಿರುದ್ಧವಾದ ಇವೆರಡನ್ನೂ ಒಟ್ಟಿಗೆ ನಂಬುವವರು ಬೇಕಾದಷ್ಟು ಜನ ಇದ್ದಾರೆ! ಎರಡನ್ನೂ ಪರೀಕ್ಷಿಸಿ ನೋಡಲು ಒಳ್ಳೆಯ ಜಾಗ ಕಾನೂನು ಕಾಲೇಜಿನ ಪ್ರವೇಶ ಪರೀಕ್ಷೆ. ಅಲ್ಲಿ ದಶಕಗಳಿಂದ ಅಳೆಯುತ್ತಿರುವುದು ಇದನ್ನೇ, ಅದರ ತಯಾರಿಯ ಬಗ್ಗೆ ಸಂಶೋಧನೆಯೂ ನಡೆದಿದೆ.

ಏನಿದು ಎಲ್‌ಸ್ಯಾಟ್?

ಅಮೆರಿಕ ಮತ್ತು ಕೆನಡಾದ ಲಾ ಸ್ಕೂಲುಗಳಿಗೆ ಸೇರಲು ಬರೆಯುವ ಪರೀಕ್ಷೆಯೇ ಎಲ್‌ಸ್ಯಾಟ್. 1948ರಲ್ಲಿ ಶುರುವಾಯಿತು. ಅಂಕ 120ರಿಂದ 180ರ ನಡುವೆ. ಇದರಲ್ಲಿ ಕಾನೂನಿನ ಬಗ್ಗೆ ಒಂದೇ ಒಂದು ಪ್ರಶ್ನೆ ಇಲ್ಲ. ಗಣಿತ ಇಲ್ಲ, ಸಾಮಾನ್ಯ ಜ್ಞಾನವೂ ಇಲ್ಲ. ಕೇಳುವುದು ಇಷ್ಟೇ: ಒಬ್ಬರು ವಾದ ಮಾಡಿದಾಗ ಅದು ಎಲ್ಲಿ ಗಟ್ಟಿಯಾಗಿದೆ, ಎಲ್ಲಿ ಟೊಳ್ಳಾಗಿದೆ ಎಂದು ನಿಮಗೆ ಕಾಣುತ್ತದೆಯೇ?

2024ರ ಆಗಸ್ಟ್‌ನಿಂದ ಈ ಪರೀಕ್ಷೆ ಬದಲಾಗಿದೆ. ‘ಲಾಜಿಕ್ ಗೇಮ್ಸ್’ ಎಂದು ಹೆಸರಾಗಿದ್ದ ಭಾಗವನ್ನು ತೆಗೆದುಹಾಕಲಾಯಿತು. ಏಳು ಜನ ಏಳು ಕುರ್ಚಿಯಲ್ಲಿ ಹೇಗೆ ಕೂರಬಹುದು ಎನ್ನುವಂಥ, ಚಿತ್ರ ಬರೆದು ಬಿಡಿಸುವ ಒಗಟುಗಳಿದ್ದ ಭಾಗ ಅದು. ಈಗ ಅಂಕ ಸಿಗುವ ಮೂರು ವಿಭಾಗಗಳಲ್ಲಿ ಎರಡು ‘ಲಾಜಿಕಲ್ ರೀಸನಿಂಗ್’, ಒಂದು ಓದಿ ಅರ್ಥಮಾಡಿಕೊಳ್ಳುವುದು. ಅಂದರೆ ವಾದಗಳನ್ನು ಅಳೆಯುವ ಪ್ರಶ್ನೆಗಳೇ ಪರೀಕ್ಷೆಯ ದೊಡ್ಡ ಪಾಲು. ಪ್ರತಿ ವಿಭಾಗಕ್ಕೆ 35 ನಿಮಿಷ, ಸುಮಾರು 25 ಪ್ರಶ್ನೆ. ಒಂದಕ್ಕೆ ಒಂದೂವರೆ ನಿಮಿಷವೂ ಸಿಗುವುದಿಲ್ಲ. ಹಾಗಿದ್ದರೂ ಕುರ್ಚಿಯ ಒಗಟು ಬಿಡಿಸುವುದನ್ನು ಕಲಿಸುವ ಹಳೆಯ ವಿಡಿಯೊಗಳು ಯೂಟ್ಯೂಬ್‌ನಲ್ಲಿ ಇನ್ನೂ ಇವೆ. ಅಮೆರಿಕದಲ್ಲಿರುವ ನಿಮ್ಮ ಅಕ್ಕನ ಮಗಳಿಗೆ ಅಂಥದ್ದನ್ನು ಕಳಿಸುವ ಮೊದಲು ದಿನಾಂಕ ನೋಡಿ.

ನಮ್ಮಲ್ಲಿ ಇದಕ್ಕೆ ಹತ್ತಿರದ್ದು ಕ್ಲ್ಯಾಟ್. ಬೆಂಗಳೂರಿನ ನಾಗರಬಾವಿಯಲ್ಲಿರುವ ನ್ಯಾಷನಲ್ ಲಾ ಸ್ಕೂಲ್ ಸೇರಿದಂತೆ ದೇಶದ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳಿಗೆ 2008ರಿಂದ ನಡೆಯುತ್ತಿರುವ ಪರೀಕ್ಷೆ. ಮೊದಲು 200 ಬಿಡಿ ಪ್ರಶ್ನೆಗಳಿದ್ದವು. ಸಂಖ್ಯಾ ಸರಣಿ, ‘ಅವಳು ಅವನ ತಾಯಿಯ ತಮ್ಮನ ಮಗಳು’ ಎಂಬ ನಂಟಸ್ತಿಕೆಯ ಲೆಕ್ಕ ಎಲ್ಲ ಬರುತ್ತಿತ್ತು. 2020ರಿಂದ ಗದ್ಯಭಾಗ ಕೊಟ್ಟು ಅದರ ಮೇಲೆ ಪ್ರಶ್ನೆ ಕೇಳುವ ಪದ್ಧತಿ ಬಂದಿದೆ. 2024ರ ಪರೀಕ್ಷೆಯಿಂದ 120 ನಿಮಿಷಕ್ಕೆ 120 ಪ್ರಶ್ನೆ, ಅದರಲ್ಲಿ ಐದನೇ ಒಂದು ಭಾಗದಷ್ಟು ತರ್ಕದ್ದು. ಎರಡೂ ಪರೀಕ್ಷೆಗಳು ಒಗಟಿನಿಂದ ವಾದದ ಕಡೆಗೆ ಹೊರಳಿರುವುದು ಒಳ್ಳೆಯದೇ ಆಯಿತು ಅನ್ನುತ್ತೇನೆ. ನ್ಯಾಯಾಲಯದಲ್ಲಿ ಯಾರೂ ಕುರ್ಚಿ ಜೋಡಿಸಲು ಹೇಳುವುದಿಲ್ಲ.

ಒಂದು ಪ್ರಶ್ನೆ ಬಿಡಿಸಿ ನೋಡೋಣ

ಇದು ಅದೇ ಮಾದರಿಯಲ್ಲಿ ಇಲ್ಲಿಗಾಗಿ ಬರೆದದ್ದು. ಕೆಳಗಿನ ಉತ್ತರಕ್ಕೆ ಓಡಬೇಡಿ.

“ಕಳೆದ ವರ್ಷ ನಮ್ಮ ಪಟ್ಟಣದಲ್ಲಿ ಹೆಲ್ಮೆಟ್ ತಪಾಸಣೆ ಶುರುವಾಯಿತು. ಅಲ್ಲಿಂದೀಚೆಗೆ ತಲೆಗೆ ಪೆಟ್ಟು ಬಿದ್ದು ಪಟ್ಟಣದ ಆಸ್ಪತ್ರೆಗೆ ಬರುವ ಬೈಕ್ ಸವಾರರ ಸಂಖ್ಯೆ ಅರ್ಧಕ್ಕೆ ಇಳಿದಿದೆ. ಆದ್ದರಿಂದ ತಪಾಸಣೆಯಿಂದಾಗಿ ಬೈಕ್ ಸವಾರರ ತಲೆಗೆ ಪೆಟ್ಟು ಬೀಳುವುದು ಕಡಿಮೆಯಾಗಿದೆ.”

ಕೆಳಗಿನ ಯಾವ ಮಾತು ನಿಜವಾದರೆ ಈ ವಾದ ಎಲ್ಲಕ್ಕಿಂತ ಹೆಚ್ಚು ದುರ್ಬಲವಾಗುತ್ತದೆ?

ಎ. ತಪಾಸಣೆಯ ದಂಡ ಜಾಸ್ತಿಯಾಯಿತೆಂದು ಹಲವರು ಪ್ರತಿಭಟಿಸಿದರು.
ಬಿ. ಹೆಲ್ಮೆಟ್ ಹಾಕಿದವರಿಗೂ ಕೆಲವೊಮ್ಮೆ ತಲೆಗೆ ಪೆಟ್ಟಾಗುತ್ತದೆ.
ಸಿ. ತಪಾಸಣೆ ಇಲ್ಲದ ಪಕ್ಕದ ಪಟ್ಟಣದಲ್ಲಿ ಪೆಟ್ಟಾದವರ ಸಂಖ್ಯೆ ಇಳಿದಿಲ್ಲ.
ಡಿ. ಕಳೆದ ವರ್ಷ ಹೆದ್ದಾರಿಯ ಬಳಿ ಹೊಸ ಟ್ರಾಮಾ ಕೇಂದ್ರ ತೆರೆದು, ಆಂಬ್ಯುಲೆನ್ಸ್‌ಗಳು ಅಪಘಾತದ ಗಾಯಾಳುಗಳನ್ನು ಅಲ್ಲಿಗೇ ಒಯ್ಯುತ್ತಿವೆ.
ಇ. ತಪಾಸಣೆ ಶುರುವಾದ ಮೇಲೂ ಕೆಲವರು ಹೆಲ್ಮೆಟ್ ಇಲ್ಲದೆ ಓಡಾಡುತ್ತಿದ್ದಾರೆ.

ಆಯ್ಕೆಗಳನ್ನು ಬಿಟ್ಟು ಮತ್ತೊಮ್ಮೆ ವಾದವನ್ನಷ್ಟೇ ಓದಿ. ಆಧಾರದಲ್ಲಿರುವ ಮಾತು ‘ಆಸ್ಪತ್ರೆಗೆ ಬರುವವರು ಕಡಿಮೆಯಾದರು’. ತೀರ್ಮಾನದಲ್ಲಿರುವ ಮಾತು ‘ಪೆಟ್ಟು ಬೀಳುವುದು ಕಡಿಮೆಯಾಯಿತು’. ಇವೆರಡೂ ಒಂದೇ ಅಲ್ಲ. ಪೆಟ್ಟು ಬಿದ್ದವರು ಬೇರೆ ಆಸ್ಪತ್ರೆಗೂ ಹೋಗಬಹುದು. ಈ ಸಂದು ಕಣ್ಣಿಗೆ ಬಿದ್ದರೆ ಉತ್ತರ ಹುಡುಕುವ ಕೆಲಸವೇ ಇಲ್ಲ, ಡಿ ತಾನಾಗಿ ಎದ್ದು ನಿಲ್ಲುತ್ತದೆ.

ಉಳಿದ ನಾಲ್ಕು ತಪ್ಪುಗಳೂ ನಾಲ್ಕು ಬಗೆಯವು. ಎ ಅಪ್ರಸ್ತುತ, ಜನರಿಗೆ ಇಷ್ಟವಾಯಿತೋ ಇಲ್ಲವೋ ಎನ್ನುವುದಕ್ಕೂ ಪರಿಣಾಮಕ್ಕೂ ಸಂಬಂಧವಿಲ್ಲ. ಸಿ ವಾದವನ್ನು ಇನ್ನಷ್ಟು ಗಟ್ಟಿ ಮಾಡುತ್ತದೆ, ಅವಸರದಲ್ಲಿ ಓದುವವರು ಇಲ್ಲೇ ಬೀಳುವುದು. ಬಿ ಮತ್ತು ಇ ಮೊದಲ ನೋಟಕ್ಕೆ ಸರಿ ಅನಿಸುತ್ತವೆ. ಆದರೆ ವಾದದಲ್ಲಿ ‘ಯಾರಿಗೂ ಪೆಟ್ಟಾಗುವುದೇ ಇಲ್ಲ’ ಎಂದಾಗಲಿ ‘ಎಲ್ಲರೂ ಹೆಲ್ಮೆಟ್ ಹಾಕುತ್ತಾರೆ’ ಎಂದಾಗಲಿ ಎಲ್ಲೂ ಹೇಳಿಲ್ಲ. ಹೇಳದ ಮಾತಿಗೆ ಉತ್ತರ ಕೊಟ್ಟಂತಾಯಿತು. ಟಿವಿ ಚರ್ಚೆ ನೋಡುವವರಿಗೆ ಇದು ತುಂಬಾ ಪರಿಚಿತವಾಗಿರಬೇಕು.

ಎಲ್‌ಸ್ಯಾಟ್‌ನ ಹಲವು ಪ್ರಶ್ನೆಗಳು ಈ ಒಂದೇ ಸಂದಿನ ಸುತ್ತ ತಿರುಗುತ್ತವೆ. ಸಂದನ್ನು ದೊಡ್ಡದು ಮಾಡು ಎಂದರೆ ದುರ್ಬಲಗೊಳಿಸುವ ಪ್ರಶ್ನೆ. ಮುಚ್ಚು ಎಂದರೆ ಬಲಪಡಿಸುವ ಪ್ರಶ್ನೆ. ಅದಕ್ಕೊಂದು ಹೆಸರು ಕೊಡು ಎಂದರೆ ದೋಷ ಗುರುತಿಸುವ ಪ್ರಶ್ನೆ. ಲೇಖಕ ಬಾಯಿಬಿಟ್ಟು ಹೇಳದೆ ಒಪ್ಪಿಕೊಂಡಿರುವ ಮಾತು ಯಾವುದು ಎಂದರೆ ಊಹೆಯ ಪ್ರಶ್ನೆ.

ಊಹೆಯ ಪ್ರಶ್ನೆಗೆ ಒಂದು ಸುಲಭ ಉಪಾಯವಿದೆ. ಆಯ್ಕೆಯನ್ನು ತಿರುವಿಹಾಕಿ ನೋಡಿ, ವಾದ ಕುಸಿದರೆ ಅದೇ ಉತ್ತರ. ‘ಈ ಹೋಟೆಲ್ ಯಾವಾಗಲೂ ತುಂಬಿರುತ್ತೆ, ಹಾಗಾಗಿ ಊಟ ಚೆನ್ನಾಗಿರಲೇಬೇಕು’ ಎನ್ನುವ ಮಾತು ತೆಗೆದುಕೊಳ್ಳಿ. ‘ಜನ ಅಲ್ಲಿಗೆ ಬರುವುದರಲ್ಲಿ ರುಚಿಯ ಪಾತ್ರವೂ ಇದೆ’ ಎಂಬ ಊಹೆ ಇದಕ್ಕೆ ಬೇಕೇ? ತಿರುವಿ ನೋಡಿ: ರುಚಿಯ ಪಾತ್ರವೇ ಇಲ್ಲ, ಬಸ್ ಸ್ಟ್ಯಾಂಡ್ ಎದುರಿಗಿದೆ ಅಂತ ಬರುತ್ತಾರೆ. ವಾದ ಬಿತ್ತು. ‘ಊರಿನಲ್ಲೇ ಅತ್ಯುತ್ತಮ ಊಟ ಅಲ್ಲಿ ಸಿಗುತ್ತದೆ’ ಎನ್ನುವುದನ್ನೂ ತಿರುವಿ ನೋಡಿ: ಅದಕ್ಕಿಂತ ಒಳ್ಳೆಯ ಹೋಟೆಲ್ ಇನ್ನೊಂದಿದೆ. ಆದರೇನಂತೆ, ಇಲ್ಲಿಯ ಊಟವೂ ಚೆನ್ನಾಗಿರಬಹುದು. ವಾದ ಬೀಳಲಿಲ್ಲ, ಆ ಊಹೆ ಬೇಕಿರಲಿಲ್ಲ.

ಕನ್ನಡದಲ್ಲಿ ಯೋಚಿಸುವವರಿಗೆ ಎಡವಟ್ಟು ಮಾಡುವ ಮೂರು ಪದ

‘ಟಿಕೆಟ್ ಇದ್ದರೆ ಒಳಗೆ ಬಿಡುತ್ತಾರೆ.’ ‘ಟಿಕೆಟ್ ಇದ್ದರೆ ಮಾತ್ರ ಒಳಗೆ ಬಿಡುತ್ತಾರೆ.’ ಮಾತಿನಲ್ಲಿ ನಾವು ಎರಡನ್ನೂ ಒಂದೇ ಅರ್ಥದಲ್ಲಿ ಬಳಸಿಬಿಡುತ್ತೇವೆ. ಪರೀಕ್ಷೆಯಲ್ಲಿ ಇವೆರಡೂ ಬೇರೆ ಬೇರೆ. ಮೊದಲನೆಯದರ ಪ್ರಕಾರ ಟಿಕೆಟ್ ಇದ್ದವರೆಲ್ಲ ಒಳಗೆ ಹೋಗಬಹುದು. ಇಲ್ಲದವರ ಬಗ್ಗೆ ಅದು ಏನೂ ಹೇಳುವುದಿಲ್ಲ, ಪಾಸ್ ಇದ್ದವರೂ ಹೋಗಬಹುದು. ಎರಡನೆಯದರ ಪ್ರಕಾರ ಒಳಗೆ ಇರುವವರೆಲ್ಲರ ಹತ್ತಿರ ಟಿಕೆಟ್ ಇದೆ. ಆದರೆ ಟಿಕೆಟ್ ಇದ್ದ ಮಾತ್ರಕ್ಕೆ ಬಿಟ್ಟೇಬಿಡುತ್ತಾರೆ ಅಂತಿಲ್ಲ, ಕುಡಿದು ಬಂದರೆ ಬಾಗಿಲಲ್ಲೇ ನಿಲ್ಲಿಸಬಹುದು. ‘ಪಡಿತರ ಚೀಟಿ ಇದ್ದರೆ ಮಾತ್ರ ಸೌಲಭ್ಯ’ ಎಂಬ ಸರ್ಕಾರಿ ಪ್ರಕಟಣೆಯನ್ನು ‘ಚೀಟಿ ಇದ್ದವರಿಗೆಲ್ಲ ಸೌಲಭ್ಯ’ ಅಂತ ಓದಿಕೊಂಡು ಕಚೇರಿ ಮುಂದೆ ಸರದಿ ನಿಲ್ಲುವವರಿಗೆ ತಗಲುವುದೂ ಇದೇ ಗೊಂದಲ.

ಎರಡನೆಯದು ‘ಕೆಲವರು’. ‘ಕೆಲವರು ಬಂದರು’ ಅಂದರೆ ಎಲ್ಲರೂ ಬರಲಿಲ್ಲ ಅಂತ ನಮ್ಮ ಕಿವಿಗೆ ಕೇಳುತ್ತದೆ. ಪರೀಕ್ಷೆಯ ಭಾಷೆಯಲ್ಲಿ ಹಾಗಲ್ಲ. ಅಲ್ಲಿ ‘ಕೆಲವರು’ ಅಂದರೆ ಕನಿಷ್ಠ ಒಬ್ಬರು, ಎಲ್ಲರೂ ಆಗಿರಬಹುದು. ‘ಹೆಚ್ಚಿನವರು’ ಅಂದರೆ ಅರ್ಧಕ್ಕಿಂತ ಜಾಸ್ತಿ, ಅಷ್ಟೇ.

ಮೂರನೆಯದು ‘ಹೊರತು’. ‘ನೀನು ಬಂದ ಹೊರತು ನಾನು ಹೋಗಲ್ಲ’ ಅಂತಲೂ ಹೇಳುತ್ತೇವೆ, ‘ನೀನು ಬಾರದ ಹೊರತು ನಾನು ಹೋಗಲ್ಲ’ ಅಂತಲೂ ಹೇಳುತ್ತೇವೆ. ಒಂದರಲ್ಲಿ ‘ಇಲ್ಲ’ ಇದೆ, ಇನ್ನೊಂದರಲ್ಲಿ ಇಲ್ಲ. ಅರ್ಥ ಮಾತ್ರ ಒಂದೇ! ಕೇಳುವವರಿಗೆ ಸಂದರ್ಭದಿಂದ ತಿಳಿದುಬಿಡುತ್ತದೆ. ಇಂಗ್ಲಿಷ್ ಪ್ರಶ್ನೆಪತ್ರಿಕೆಯಲ್ಲಿ ‘ಅನ್‌ಲೆಸ್’ ಎಂದು ಬಂದಾಗ ಆ ಸಂದರ್ಭದ ಸಹಾಯ ಇರುವುದಿಲ್ಲ. ಅದನ್ನು ಮನಸ್ಸಿನಲ್ಲಿ ‘ಇಲ್ಲದಿದ್ದರೆ’ ಎಂದು ಬದಲಾಯಿಸಿ ಓದಿದರೆ ಸಾಕು, ಗಂಟು ಬಿಚ್ಚುತ್ತದೆ.

ಇವು ಬುದ್ಧಿವಂತಿಕೆಯ ಕೊರತೆಗಳಲ್ಲ. ಭಾಷೆ ದಿನಬಳಕೆಯಲ್ಲಿ ಹೀಗೇ ಇರುತ್ತದೆ, ಇಂಗ್ಲಿಷ್ ಮನೆಮಾತಿನವರೂ ‘ಓನ್ಲಿ ಇಫ್’ ಬಂದಾಗ ಎಡವುತ್ತಾರೆ. ಪರೀಕ್ಷೆಗೆ ಕೂರುವವರು ಈ ನಾಲ್ಕಾರು ಪದಗಳ ಕಟ್ಟುನಿಟ್ಟಿನ ಅರ್ಥವನ್ನು ರಸ್ತೆ ನಿಯಮದ ಹಾಗೆ ಕಲಿಯಬೇಕು, ಅಷ್ಟೇ. ಕಲಿಯಲು ಒಂದು ವಾರ ಸಾಕು, ಕೈಗೆ ಹತ್ತಲು ಎರಡು ತಿಂಗಳು ಬೇಕು.

ನಾಲ್ಕು ಕಾರ್ಡಿನ ಪ್ರಯೋಗ

‘ನನಗೆ ಲಾಜಿಕ್ ಇಲ್ಲ’ ಅನ್ನುವವರಿಗೆ ಇದನ್ನು ಹೇಳಲೇಬೇಕು. 1966ರಲ್ಲಿ ಬ್ರಿಟನ್‌ನ ಮನೋವಿಜ್ಞಾನಿ ಪೀಟರ್ ವೇಸನ್ ಒಂದು ಪ್ರಶ್ನೆ ಮಾಡಿದರು. ಕನ್ನಡಕ್ಕೆ ಹೊಂದಿಸಿದರೆ ಹೀಗಿರುತ್ತದೆ: ಮೇಜಿನ ಮೇಲೆ ನಾಲ್ಕು ಕಾರ್ಡ್. ಕಾಣುವ ಬದಿಯಲ್ಲಿ ಅ, ಕ, 4, 7 ಎಂದಿದೆ. ಪ್ರತಿ ಕಾರ್ಡಿನ ಒಂದು ಬದಿಯಲ್ಲಿ ಅಕ್ಷರ, ಇನ್ನೊಂದರಲ್ಲಿ ಅಂಕಿ. ‘ಒಂದು ಬದಿಯಲ್ಲಿ ಸ್ವರ ಇದ್ದರೆ ಇನ್ನೊಂದು ಬದಿಯಲ್ಲಿ ಸಮಸಂಖ್ಯೆ ಇರುತ್ತದೆ’ ಎಂಬ ನಿಯಮ ನಿಜವೇ ಎಂದು ತಿಳಿಯಲು ಯಾವ ಯಾವ ಕಾರ್ಡ್ ತಿರುವಿ ನೋಡಲೇಬೇಕು?

ಹೆಚ್ಚಿನವರು ‘ಅ ಮತ್ತು 4’ ಅನ್ನುತ್ತಾರೆ. ಸರಿ ಉತ್ತರ ‘ಅ ಮತ್ತು 7’. 4ರ ಹಿಂದೆ ವ್ಯಂಜನ ಇದ್ದರೂ ನಿಯಮ ಮುರಿಯುವುದಿಲ್ಲ. 7ರ ಹಿಂದೆ ಸ್ವರ ಇದ್ದರೆ ಮುರಿಯುತ್ತದೆ. ಇಂಥ ಪ್ರಯೋಗಗಳಲ್ಲಿ ಸರಿ ಉತ್ತರ ಕೊಟ್ಟವರು ಸಾಮಾನ್ಯವಾಗಿ ಹತ್ತರಲ್ಲಿ ಒಬ್ಬರಷ್ಟೇ, ಅದೂ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಲ್ಲಿ.

1982ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ರಿಚರ್ಡ್ ಗ್ರಿಗ್ಸ್ ಮತ್ತು ಜೇಮ್ಸ್ ಕಾಕ್ಸ್ ಇದೇ ಪ್ರಶ್ನೆಗೆ ಬೇರೆ ಬಟ್ಟೆ ತೊಡಿಸಿದರು. ಬಿಯರ್ ಕುಡಿಯುವವರಿಗೆ 19 ವರ್ಷ ದಾಟಿರಬೇಕು ಎಂಬುದು ನಿಯಮ. ಕಾರ್ಡುಗಳು: ಬಿಯರ್, ಕೋಕ್, 22 ವರ್ಷ, 16 ವರ್ಷ. ಯಾರನ್ನು ತಪಾಸಣೆ ಮಾಡುತ್ತೀರಿ? ಬಿಯರ್ ಕುಡಿಯುತ್ತಿರುವವರನ್ನು ಮತ್ತು 16ರ ಹುಡುಗನನ್ನು. ಈ ಸಲ ಮುಕ್ಕಾಲು ಭಾಗದಷ್ಟು ವಿದ್ಯಾರ್ಥಿಗಳು ಸರಿ ಹೇಳಿದರು. ಎರಡೂ ಪ್ರಶ್ನೆಗಳ ತರ್ಕ ಒಂದೇ, ವಿಷಯ ಮಾತ್ರ ಬೇರೆ. ಅಂದರೆ ತರ್ಕ ಎನ್ನುವುದು ತಲೆಯೊಳಗೆ ಇರುವ ಅಥವಾ ಇಲ್ಲದಿರುವ ಒಂದು ಯಂತ್ರವಲ್ಲ. ಪರಿಚಿತ ಜಾಗದಲ್ಲಿ ನಾವೆಲ್ಲರೂ ಚೆನ್ನಾಗಿಯೇ ಬಳಸುತ್ತೇವೆ, ಅಪರಿಚಿತ ವೇಷದಲ್ಲಿ ಬಂದಾಗ ಗುರುತು ಸಿಗುವುದಿಲ್ಲ.

ಹಾಗಾದರೆ ಅಭ್ಯಾಸದಿಂದ ಬದಲಾಗುತ್ತದೆಯೇ?

ಬದಲಾಗುತ್ತದೆ, ಎಲ್ಲ ಬಗೆಯ ಅಭ್ಯಾಸದಿಂದ ಅಲ್ಲ. 1988ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯದ ರಿಚರ್ಡ್ ನಿಸ್ಬೆಟ್ ಮತ್ತು ಸಂಗಡಿಗರು ಸ್ನಾತಕೋತ್ತರ ಓದು ತರ್ಕವನ್ನು ಬದಲಿಸುತ್ತದೆಯೇ ಎಂದು ನೋಡಿದ ಅಧ್ಯಯನ ಪ್ರಕಟಿಸಿದರು. ‘ಹೀಗಿದ್ದರೆ ಹಾಗೆ’ ಎಂಬ ಮಾದರಿಯ ತರ್ಕದಲ್ಲಿ ಕಾನೂನು, ವೈದ್ಯಕೀಯ, ಮನೋವಿಜ್ಞಾನ ಓದಿದವರು ಸುಧಾರಿಸಿದ್ದರು. ರಸಾಯನಶಾಸ್ತ್ರದವರಲ್ಲಿ ಅಂಥ ಬದಲಾವಣೆ ಕಾಣಲಿಲ್ಲ. ಅದಕ್ಕೆ ರಸಾಯನಶಾಸ್ತ್ರದವರು ದಡ್ಡರು ಎಂದು ಅರ್ಥವಲ್ಲ, ಅವರ ಓದಿನಲ್ಲಿ ಆ ಬಗೆಯ ಅನಿಶ್ಚಿತ ವಾದಗಳನ್ನು ತೂಗುವ ಕೆಲಸ ಕಡಿಮೆ. ಯಾವುದನ್ನು ಅಭ್ಯಾಸ ಮಾಡುತ್ತೀರೋ ಅದು ಬೆಳೆಯುತ್ತದೆ, ಪಕ್ಕದ್ದಲ್ಲ.

ಇನ್ನೊಂದು ಅಧ್ಯಯನ ನಿಮಗೆ ‘ಎಲ್‌ಸ್ಯಾಟ್ ಓದಿದರೆ ಮೆದುಳೇ ಬದಲಾಗುತ್ತದೆ’ ಎಂಬ ತಲೆಬರಹದಲ್ಲಿ ಸಿಗಬಹುದು. ಇದು ಪೂರ್ತಿ ಸುಳ್ಳಲ್ಲ. 2012ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ, ಬರ್ಕ್ಲಿಯ ಆಲಿಸನ್ ಮ್ಯಾಕಿ, ಸಿಲ್ವಿಯಾ ಬಂಜ್ ಮತ್ತು ಸಂಗಡಿಗರು ಮೂರು ತಿಂಗಳಲ್ಲಿ ಸುಮಾರು 100 ಗಂಟೆ ಎಲ್‌ಸ್ಯಾಟ್ ತರಬೇತಿ ಪಡೆದವರ ಮೆದುಳಿನ ಸ್ಕ್ಯಾನ್ ಹೋಲಿಸಿದರು. ಮೆದುಳಿನ ಭಾಗಗಳನ್ನು ಜೋಡಿಸುವ ಬಿಳಿ ದ್ರವ್ಯದಲ್ಲಿ ಅಳೆಯಬಹುದಾದ ಬದಲಾವಣೆ ಇತ್ತು. ಆದರೆ ಗುಂಪು ಚಿಕ್ಕದು. ತರಬೇತಿಗೆ ತಾವಾಗಿಯೇ ಸೇರಿದವರನ್ನು ಸೇರದವರ ಜೊತೆ ಹೋಲಿಸಿದ್ದು, ಚೀಟಿ ಎತ್ತಿ ಗುಂಪು ಮಾಡಿದ್ದಲ್ಲ. ಆ ತರಬೇತಿಯಲ್ಲಿ ಈಗ ಪರೀಕ್ಷೆಯಲ್ಲೇ ಇಲ್ಲದ ಲಾಜಿಕ್ ಗೇಮ್ಸ್ ಕೂಡ ಸೇರಿತ್ತು. ಮೇಲಾಗಿ ಏನನ್ನು ಗಂಭೀರವಾಗಿ ಕಲಿತರೂ ಮೆದುಳಿನಲ್ಲಿ ಬದಲಾವಣೆ ಆಗುತ್ತದೆ. ಈ ಅಧ್ಯಯನದಿಂದ ಧೈರ್ಯ ತೆಗೆದುಕೊಳ್ಳಿ, ಯಾರಾದರೂ ಅದನ್ನು ತೋರಿಸಿ ಕೋರ್ಸ್ ಮಾರಲು ಬಂದರೆ ಕೊಳ್ಳಬೇಡಿ.

ಬ್ರೈನ್ ಗೇಮ್ ಆ್ಯಪ್‌ಗಳ ವಿಷಯಕ್ಕೆ ಬಂದರೆ, 2016ರ ಜನವರಿಯಲ್ಲಿ ಲುಮೊಸಿಟಿ ಆ್ಯಪ್‌ನ ಕಂಪನಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಜೊತೆ 20 ಲಕ್ಷ ಡಾಲರ್ ಕೊಟ್ಟು ಪ್ರಕರಣ ಇತ್ಯರ್ಥ ಮಾಡಿಕೊಂಡಿತು. ಆಟ ಆಡಿದರೆ ಕೆಲಸದಲ್ಲಿ, ಓದಿನಲ್ಲಿ ಮುಂದೆ ಬರುತ್ತೀರಿ, ವಯಸ್ಸಿನ ಮರೆವು ದೂರವಾಗುತ್ತದೆ ಎಂಬ ಜಾಹೀರಾತಿಗೆ ತಕ್ಕ ಪುರಾವೆ ಇಲ್ಲ ಎನ್ನುವುದು ಆಯೋಗದ ಆಕ್ಷೇಪವಾಗಿತ್ತು. ಆ್ಯಪ್‌ನ ಆಟ ಆಡಿದರೆ ಆ್ಯಪ್‌ನ ಆಟದಲ್ಲಿ ಹುಷಾರಾಗುತ್ತೀರಿ.

ಸುಧಾರಿಸುವವರು ಮಾಡುವುದೇನು?

ಬರೀ ಪ್ರಶ್ನೆಪತ್ರಿಕೆ ಮೇಲೆ ಪ್ರಶ್ನೆಪತ್ರಿಕೆ ಬರೆದರೆ ಅಂಕ ಏರುವುದು ಸ್ವಲ್ಪವೇ. ಪರೀಕ್ಷೆಯನ್ನು ಮತ್ತೆ ಬರೆದವರ ಅಂಕ ಸಾಮಾನ್ಯವಾಗಿ ಚೂರು ಮಾತ್ರ ಮೇಲೆ ಹೋಗುತ್ತದೆ ಎಂದು ಎಲ್‌ಸ್ಯಾಟ್ ನಡೆಸುವ ಸಂಸ್ಥೆಯೇ ಹೇಳುತ್ತದೆ. ವ್ಯತ್ಯಾಸ ಬರುವುದು ಬರೆದಾದ ಮೇಲಿನ ಕೆಲಸದಲ್ಲಿ.

ಎಲ್‌ಸ್ಯಾಟ್ ಬರೆಯುವವರಲ್ಲಿ ‘ಬ್ಲೈಂಡ್ ರಿವ್ಯೂ’ ಎಂಬ ಪದ್ಧತಿ ಹೆಸರುವಾಸಿ. ಗಡಿಯಾರ ಇಟ್ಟುಕೊಂಡು ಒಂದು ವಿಭಾಗ ಬರೆಯಿರಿ, ಅನುಮಾನ ಬಂದ ಪ್ರಶ್ನೆಗೆ ಗುರುತು ಹಾಕಿ. ಮುಗಿದ ಮೇಲೆ ಉತ್ತರ ನೋಡಬೇಡಿ. ಗುರುತು ಹಾಕಿದ್ದನ್ನು ಗಡಿಯಾರವಿಲ್ಲದೆ ಮತ್ತೆ ಬಿಡಿಸಿ, ಪ್ರತಿ ಆಯ್ಕೆ ಏಕೆ ಸರಿ ಅಥವಾ ಏಕೆ ತಪ್ಪು ಎಂದು ಒಂದು ಸಾಲು ಬರೆಯಿರಿ. ಆಮೇಲೆ ಉತ್ತರ ನೋಡಿ. ಈಗ ನಿಮ್ಮ ಕೈಯಲ್ಲಿ ಎರಡು ಅಂಕಗಳಿವೆ. ಎರಡನೆಯದು ಮೊದಲನೆಯದಕ್ಕಿಂತ ತುಂಬಾ ಜಾಸ್ತಿ ಇದ್ದರೆ ನಿಮಗೆ ತರ್ಕ ಗೊತ್ತಿದೆ, ವೇಗ ಸಾಲದು. ಎರಡೂ ಹತ್ತಿರ ಇದ್ದರೆ ವೇಗದ ಚಿಂತೆ ಬಿಡಿ, ತರ್ಕವೇ ಇನ್ನೂ ಹಿಡಿತಕ್ಕೆ ಬಂದಿಲ್ಲ. ಈ ಎರಡು ಕಾಯಿಲೆಗಳಿಗೆ ಔಷಧ ಬೇರೆ ಬೇರೆ. ‘ಸ್ಪೀಡ್ ಟ್ರಿಕ್’ ಮಾರುವವರು ಎರಡಕ್ಕೂ ಒಂದೇ ಗುಳಿಗೆ ಕೊಡುತ್ತಾರೆ.

ಸರಿಯಾದ ಉತ್ತರಕ್ಕೂ ಕಾರಣ ಬರೆಯುವುದು ಮುಖ್ಯ. ತಪ್ಪು ಕಾರಣಕ್ಕೆ ಸರಿ ಉತ್ತರ ಬಂದಿದ್ದರೆ ಮುಂದಿನ ಸಲ ಅದು ಕೈಕೊಡುತ್ತದೆ. ಒಂದು ನೋಟ್‌ಬುಕ್‌ನಲ್ಲಿ ತಪ್ಪುಗಳನ್ನು ಬಗೆಬಗೆಯಾಗಿ ಬರೆದಿಡಿ: ತೀರ್ಮಾನ ಯಾವುದೆಂದು ಗುರುತಿಸಲಿಲ್ಲ, ‘ಮಾತ್ರ’ ಗಮನಿಸಲಿಲ್ಲ, ಹೇಳದ್ದನ್ನು ಓದಿಕೊಂಡೆ, ನನ್ನ ಅಭಿಪ್ರಾಯಕ್ಕೆ ಹತ್ತಿರದ್ದನ್ನು ಆರಿಸಿದೆ. ಸ್ವಲ್ಪ ದಿನಕ್ಕೆ ಒಂದೆರಡು ಬಗೆಯೇ ಮತ್ತೆ ಮತ್ತೆ ಬರುವುದು ಕಾಣುತ್ತದೆ. ಆಮೇಲೆ ಅಭ್ಯಾಸ ಮಾಡಬೇಕಾದ್ದು ಅದನ್ನೇ.

ಆಯ್ಕೆ ಓದುವ ಮೊದಲೇ ಸಂದು ಎಲ್ಲಿದೆ ಎಂದು ನಿಮ್ಮ ಮಾತಿನಲ್ಲಿ ಹೇಳಿಕೊಳ್ಳಿ. ಕನ್ನಡದಲ್ಲೇ ಹೇಳಿಕೊಳ್ಳಿ, ಏನೂ ತಪ್ಪಿಲ್ಲ. ತಪ್ಪು ಆಯ್ಕೆಗಳನ್ನು ಬರೆಯುವುದೇ ಚೆಂದ ಕಾಣಲಿ ಅಂತ. ಮನಸ್ಸಿನಲ್ಲಿ ಉತ್ತರದ ಆಕಾರ ಇಲ್ಲದೆ ಅವುಗಳ ಬಳಿ ಹೋಗುವುದು ಪಟ್ಟಿ ಇಲ್ಲದೆ ಸೂಪರ್ ಮಾರ್ಕೆಟ್‌ಗೆ ಹೋದ ಹಾಗೆ. ಇನ್ನು ಒಂದೇ ದಿನ ಎಂಟು ಗಂಟೆ ಕೂರುವುದಕ್ಕಿಂತ ವಾರಪೂರ್ತಿ ಒಂದೊಂದು ಗಂಟೆ ಲೇಸು. 2013ರಲ್ಲಿ ಜಾನ್ ಡನ್‌ಲಾಸ್ಕಿ ಮತ್ತು ಸಂಗಡಿಗರು ಓದಿನ ಹತ್ತು ವಿಧಾನಗಳ ಮೇಲಿನ ಸಂಶೋಧನೆಗಳನ್ನು ಒಟ್ಟಿಗೆ ತೂಗಿ ನೋಡಿದಾಗ ಮೇಲೆ ನಿಂತದ್ದು ಎರಡೇ: ತನ್ನನ್ನು ತಾನು ಪರೀಕ್ಷಿಸಿಕೊಳ್ಳುವುದು ಮತ್ತು ಅಭ್ಯಾಸವನ್ನು ದಿನಗಳ ಮೇಲೆ ಹರಡುವುದು. ಮತ್ತೆ ಮತ್ತೆ ಓದುವುದು, ಹೈಲೈಟರ್ ಹಚ್ಚುವುದು ಕೆಳಗಡೆ ಇದ್ದವು.

ಫಾರ್ವರ್ಡ್ ಮೇಲೆ ಇದನ್ನು ಪ್ರಯೋಗಿಸಿದರೆ

ಪರೀಕ್ಷೆ ಬರೆಯದವರಿಗೂ ಈ ಕೌಶಲ ಬೇಕು. ನಮ್ಮಲ್ಲಿ ಮಳೆಗಾಲ ಬಂತೆಂದರೆ ಬರುವ ಸಂದೇಶ ಇದು: ‘ಡೆಂಗಿ ಆಗಿ ಪ್ಲೇಟ್‌ಲೆಟ್ ಇಳಿದಿತ್ತು. ಪಪ್ಪಾಯ ಎಲೆಯ ರಸ ಕುಡಿಸಿದೆವು. ಎರಡೇ ದಿನದಲ್ಲಿ ಏರಿತು. ಆಸ್ಪತ್ರೆಗೆ ಸುರಿಯುವ ದುಡ್ಡು ಉಳಿಸಿ, ಎಲ್ಲರಿಗೂ ಕಳಿಸಿ.’

ಇದನ್ನು ಎಲ್‌ಸ್ಯಾಟ್ ಪ್ರಶ್ನೆಯ ಹಾಗೆ ಓದಿ. ಆಧಾರ: ರಸ ಕುಡಿದ ಮೇಲೆ ಏರಿತು. ತೀರ್ಮಾನ: ರಸದಿಂದ ಏರಿತು. ಸಂದು: ಕುಡಿಯದಿದ್ದರೆ ಏರುತ್ತಿರಲಿಲ್ಲವೇ? ಡೆಂಗಿಯಲ್ಲಿ ಜ್ವರ ಬಿಡುವ ಹೊತ್ತಿನಲ್ಲಿ ಪ್ಲೇಟ್‌ಲೆಟ್ ಇಳಿಯುತ್ತದೆ, ಹೆಚ್ಚಿನ ರೋಗಿಗಳಲ್ಲಿ ಕೆಲವೇ ದಿನಗಳಲ್ಲಿ ತಾನಾಗಿಯೇ ಏರುತ್ತದೆ. ಯಾರೂ ಹೆದರಿ ರಸ ಹುಡುಕಿಕೊಂಡು ಹೋಗುವುದು ಅದು ತೀರಾ ಕೆಳಗೆ ಹೋದಾಗಲೇ. ಅಲ್ಲಿಂದ ಮುಂದಿನ ದಾರಿ ಹೇಗೂ ಮೇಲಕ್ಕೇ. ಹಾಗಾಗಿ ಈ ಅನುಭವ ಏನನ್ನೂ ತೋರಿಸುವುದಿಲ್ಲ. ಗಮನಿಸಿ, ‘ರಸ ಕೆಲಸ ಮಾಡುವುದಿಲ್ಲ’ ಎಂದೂ ಇದರಿಂದ ಸಾಬೀತಾಗುವುದಿಲ್ಲ. ವಾದ ಟೊಳ್ಳಾಗಿದೆ ಎಂದ ಮಾತ್ರಕ್ಕೆ ತೀರ್ಮಾನ ಸುಳ್ಳಾಗುವುದಿಲ್ಲ. ಇದನ್ನು ಪರೀಕ್ಷೆಯೂ ಕೇಳುತ್ತದೆ. ಆದರೆ ‘ಆಸ್ಪತ್ರೆಗೆ ಹೋಗಬೇಡಿ’ ಎನ್ನುವ ಭಾಗ ಅಪಾಯಕಾರಿ. ಡೆಂಗಿಯಲ್ಲಿ ಜ್ವರ ಇಳಿದ ಮೇಲಿನ ಒಂದೆರಡು ದಿನವೇ ಹೆಚ್ಚು ಎಚ್ಚರ ಬೇಕಾದ ಸಮಯ. ತೀವ್ರ ಹೊಟ್ಟೆನೋವು, ನಿಲ್ಲದ ವಾಂತಿ, ರಕ್ತಸ್ರಾವ, ವಿಪರೀತ ಸುಸ್ತು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಲೇಬೇಕು.

ನಾವು ಇಂಥ ಸಂದು ನೋಡದಿರಲು ದೊಡ್ಡ ಕಾರಣ, ತೀರ್ಮಾನ ನಮಗೆ ಇಷ್ಟವಾಗಿರುವುದು. ‘ಎಲ್ಲ ಹೂಗಳಿಗೂ ನೀರು ಬೇಕು. ಗುಲಾಬಿಗೆ ನೀರು ಬೇಕು. ಆದ್ದರಿಂದ ಗುಲಾಬಿ ಒಂದು ಹೂವು.’ ಸರಿ ಅನಿಸಿತೇ? ಈಗ ಗುಲಾಬಿ ತೆಗೆದು ನಾಯಿ ಹಾಕಿ ಓದಿ. 1983ರಲ್ಲಿ ಜೊನಾಥನ್ ಇವಾನ್ಸ್ ಮತ್ತು ಸಂಗಡಿಗರು ಬ್ರಿಟನ್‌ನಲ್ಲಿ ನಡೆಸಿದ ಪ್ರಯೋಗದಲ್ಲಿ, ತರ್ಕ ತಪ್ಪಿದ್ದರೂ ತೀರ್ಮಾನ ನಂಬುವಂತಿದ್ದರೆ ಸುಮಾರು 70% ಸಲ ಜನ ಅದನ್ನು ಒಪ್ಪಿಕೊಂಡರು. ಅಷ್ಟೇ ತಪ್ಪಾದ ತರ್ಕ, ತೀರ್ಮಾನ ನಂಬಲಾಗದ್ದು ಎಂದಾಗ ಒಪ್ಪಿದ್ದು ಸುಮಾರು 10% ಸಲ. ನಮ್ಮ ಪಕ್ಷದ, ನಮ್ಮ ಜಾತಿಯ, ನಮ್ಮ ಊರಿನ ಪರವಾದ ಫಾರ್ವರ್ಡ್‌ಗೆ ಈ ನಾಯಿಯ ಉಪಾಯ ಚೆನ್ನಾಗಿ ಕೆಲಸ ಮಾಡುತ್ತದೆ: ಹೆಸರು ಬದಲಿಸಿ, ಎದುರು ಪಕ್ಷದ್ದು ಹಾಕಿ ಓದಿ.

ಒಂದು ಮಿತಿಯನ್ನೂ ಹೇಳಬೇಕು. ಪರೀಕ್ಷೆಯಲ್ಲಿ ಕೊಟ್ಟ ಆಧಾರವನ್ನು ನಿಜವೆಂದೇ ಒಪ್ಪಿಕೊಂಡು ಮುಂದೆ ಹೋಗಬೇಕು. ಫಾರ್ವರ್ಡ್‌ನಲ್ಲಿ ಹೆಚ್ಚಾಗಿ ಆಧಾರವೇ ಸುಳ್ಳಾಗಿರುತ್ತದೆ. ‘ಯುನೆಸ್ಕೊ ನಮ್ಮ ರಾಷ್ಟ್ರಗೀತೆಯನ್ನು ಜಗತ್ತಿನಲ್ಲೇ ಶ್ರೇಷ್ಠವೆಂದು ಘೋಷಿಸಿದೆ’ ಎಂಬ ಸಂದೇಶದಲ್ಲಿ ತರ್ಕದ ದೋಷ ಹುಡುಕಿದರೆ ಸಿಗುವುದಿಲ್ಲ. ಯುನೆಸ್ಕೊ ಅಂಥ ಆಯ್ಕೆಯನ್ನೇ ಮಾಡಿಲ್ಲ, ಅಷ್ಟೇ. 180ಕ್ಕೆ 180 ತೆಗೆದವರೂ ಮೂಲ ಹುಡುಕದಿದ್ದರೆ ಇದಕ್ಕೆ ಮೋಸ ಹೋಗುತ್ತಾರೆ.

ಕನ್ನಡ ಮಾಧ್ಯಮದವರಿಗೆ

ಕ್ಲ್ಯಾಟ್ ನಡೆಯುವುದು ಇಂಗ್ಲಿಷ್‌ನಲ್ಲಿ ಮಾತ್ರ. ಸುಮಾರು 450 ಪದಗಳ ಇಂಗ್ಲಿಷ್ ಗದ್ಯ ಓದಿ, ಪ್ರತಿ ಪ್ರಶ್ನೆಗೆ ಸರಾಸರಿ ಒಂದು ನಿಮಿಷದಲ್ಲಿ ಉತ್ತರಿಸಬೇಕು. ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಓದಿದ ಹುಡುಗಿ ಇಲ್ಲಿ ಕಡಿಮೆ ಅಂಕ ತೆಗೆದರೆ ‘ಲಾಜಿಕ್ ವೀಕ್’ ಎಂಬ ಹಣೆಪಟ್ಟಿ ಬೀಳುತ್ತದೆ. ಅದು ನಿಜವೇ ಎಂದು ಪರೀಕ್ಷಿಸುವುದು ಸುಲಭ. ಹೆಲ್ಮೆಟ್ ಪ್ರಶ್ನೆಯಂಥದ್ದನ್ನು ಅವಳಿಗೆ ಕನ್ನಡದಲ್ಲಿ ಕೊಡಿ. ಸರಿಯಾಗಿ ಬಿಡಿಸಿದರೆ ಅವಳಿಗೆ ಬೇಕಾಗಿರುವುದು ತರ್ಕದ ಕೋಚಿಂಗ್ ಅಲ್ಲ, ಇಂಗ್ಲಿಷ್ ಪತ್ರಿಕೆಯ ಸಂಪಾದಕೀಯ ಪುಟ ಮತ್ತು ಆರು ತಿಂಗಳ ಸಮಯ. ಸಾವಿರಗಟ್ಟಲೆ ಶುಲ್ಕ ಕಟ್ಟುವ ಮೊದಲು ಈ ಒಂದು ಗಂಟೆ ಖರ್ಚು ಮಾಡಿ. ಕ್ಲ್ಯಾಟ್‌ನ ಹಳೆಯ ಪ್ರಶ್ನೆಪತ್ರಿಕೆಗಳು ಅದನ್ನು ನಡೆಸುವ ಒಕ್ಕೂಟದ ಜಾಲತಾಣದಲ್ಲಿ, ಎಲ್‌ಸ್ಯಾಟ್‌ನ ಕೆಲವು ಪತ್ರಿಕೆಗಳು ಲಾಹಬ್ ಎಂಬ ಅಧಿಕೃತ ತಾಣದಲ್ಲಿ ಉಚಿತವಾಗಿಯೇ ಸಿಗುತ್ತವೆ.

ಕೊನೆಗೆ, ‘ಗೊತ್ತಿಲ್ಲದಿದ್ದರೆ ಮುಟ್ಟಲೇಬೇಡಿ’ ಎಂಬ ಸಲಹೆ. ಎಲ್‌ಸ್ಯಾಟ್‌ನಲ್ಲಿ ತಪ್ಪಿಗೆ ಅಂಕ ಕಳೆಯುವುದಿಲ್ಲ, ಖಾಲಿ ಬಿಡುವುದು ನಷ್ಟವೇ. ಕ್ಲ್ಯಾಟ್‌ನಲ್ಲಿ ನಾಲ್ಕು ಆಯ್ಕೆ, ಸರಿಗೆ 1, ತಪ್ಪಿಗೆ 0.25 ಕಡಿತ. ಕಣ್ಣುಮುಚ್ಚಿ ಊಹಿಸಿದರೂ ಸರಾಸರಿ ಲೆಕ್ಕ ಸೊನ್ನೆಗಿಂತ ಚೂರು ಮೇಲೆ, ಸುಮಾರು 0.06. ಒಂದು ಆಯ್ಕೆ ಖಚಿತವಾಗಿ ತಪ್ಪೆಂದು ಗೊತ್ತಾದರೆ ಸುಮಾರು 0.17. ಎರಡನ್ನು ಹೊಡೆದುಹಾಕಿದರೆ 0.375.